ಬರೀ ನೆಗಡಿ ಕಣ್ರೀ!

ಮೊನ್ನೆ ಮಂಡ್ಯದಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆ. ಜೊತೆಗೆ ಏಳು ವರ್ಷದ ಮೊಮ್ಮಗಳು. ಮಕ್ಕಳ ಜೊತೆ ಅಂಗಳದಲ್ಲಿ ಓಡಾಡಿ ಬಂದವಳು ಎರಡು ಸಲ ಕೆಮ್ಮಿದಳು. ಎದೆಯಲ್ಲಿ ಸಣ್ಣಗೆ ಸಿಳ್ಳೆ ಹಾಕಿದಂಥ ಸದ್ದು. ಕೂಡಲೇ ತನ್ನ ಪುಟ್ಟ ಚೀಲದಿಂದ ಪಂಪನ್ನೂ ಪ್ಲಾಸ್ಟಿಕ್ ಬುರುಡೆಯನ್ನೂ ತೆಗೆದು, ಜೋಡಿಸಿ, ಅಲ್ಲಾಡಿಸಿ, ಎಲ್ಲರ ಎದುರಿಗೇ ಬಾಯಿಗಿಟ್ಟುಕೊಂಡಳು. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ಕಣ್ಣರಳಿಸಿ, "ಅದೇನ್ರವ್ವಾ ಅದು? ಕೂಸಿಗೆ ಏನಾಗದೆ?" ಎಂದರು.

ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು. "ಏನಿಲ್ಲ, ಬರೀ ನೆಗಡಿ ಕಣ್ರೀ!"

ಐವತ್ತು ವರ್ಷದಿಂದ ನಮ್ಮ ಮನೆಯ ಹೆಂಗಸರು ಹೇಳಿಕೊಂಡು ಬಂದ ಉತ್ತರ ಇದು. ನನ್ನ ಅವ್ವ ಹೇಳಿದಳು, ನಾನೂ ಹೇಳಿದೆ. ಈ ಒಂದು ಮಾತಿನಿಂದ ನಮ್ಮ ಮನೆಗೆ ಏನೇನಾಯಿತು ಎಂಬುದನ್ನು ಇಂದು ನಿಮ್ಮ ಮುಂದೆ ಹೇಳಿಕೊಳ್ಳಬೇಕು ಅನ್ನಿಸಿದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ರಾತ್ರಿ ಕೆಮ್ಮುವ ಮಗುವಿದ್ದರೆ ದಯಮಾಡಿ ಪೂರ್ತಿ ಓದಿ.

ಹುಳುಮನೆಯ ಕೆಮ್ಮು

ನನ್ನ ತವರು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಒಂದೇ ಸೂರು. ಒಂದು ಮೂಲೆಯಲ್ಲಿ ದನ, ಇನ್ನೊಂದು ಮೂಲೆಯಲ್ಲಿ ಸೌದೆ ಒಲೆ, ನಡುಮನೆ ತುಂಬ ರೇಷ್ಮೆ ಹುಳುವಿನ ತಟ್ಟೆಗಳು. ಹುಳು ಹಣ್ಣಾಗುವ ಹೊತ್ತಿಗೆ ನಮಗೆ ಮಲಗಲು ಜಾಗವೇ ಇರುತ್ತಿರಲಿಲ್ಲ. ಚಂದ್ರಂಕಿಗಳ ಸಂದಿಯಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದೆವು.

1974ರ ಮಾತು. ನನ್ನ ತಮ್ಮನಿಗೆ ಆಗ ಎಂಟು ವರ್ಷ. ಮೋಡ ಕವಿದರೆ ಸಾಕು, ನಡುರಾತ್ರಿ ಎದ್ದು ಕೂರುತ್ತಿದ್ದ. ಎರಡೂ ಕೈ ಮಂಡಿಯ ಮೇಲೆ ಊರಿ, ಹೆಗಲು ಮೇಲೆತ್ತಿ, ಪಕ್ಕೆಲುಬು ಒಳಕ್ಕೆ ಸೆಳೆಯುವಂತೆ ಉಸಿರೆಳೆಯುತ್ತಿದ್ದ. "ಅವ್ವಾ, ಗಾಳಿ ಬತ್ತಾ ಇಲ್ಲ ಕಣವ್ವಾ" ಅನ್ನುತ್ತಿದ್ದ. ಅವ್ವ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಎದೆಗೆ ಶಾಖ ಕೊಡುತ್ತಿದ್ದಳು. ಆಡುಸೋಗೆ ಕಷಾಯ ಕುಡಿಸುತ್ತಿದ್ದಳು. ಬೆಳಗ್ಗೆ ನೆರೆಯವರು ಕೇಳಿದರೆ, "ಸೀತ ಕಣವ್ವಾ, ಬರೀ ಸೀತ" ಅನ್ನುತ್ತಿದ್ದಳು. ಯಾರೋ ಹೇಳಿದರೆಂದು ಒಂದು ದಿನ ಅವನ ಹೊಟ್ಟೆಯ ಮೇಲೆ ಬರೆ ಹಾಕಿಸಿದರು. ಆ ಎರಡು ಗುರುತು ಇವತ್ತಿಗೂ ಇವೆ.

ಶಾಲೆಯ ಹುಡುಗರು ಅವನಿಗೆ "ಗೂರಲ" ಎಂದು ಹೆಸರಿಟ್ಟರು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಶಾಲೆ ತಪ್ಪುತ್ತಿತ್ತು. ಏಳನೆಯ ತರಗತಿಗೆ ಓದು ನಿಂತೇಹೋಯಿತು. ಲೆಕ್ಕದಲ್ಲಿ ನನಗಿಂತ ಚುರುಕಾಗಿದ್ದ ಹುಡುಗ!

ಅಕ್ಕಿ ವಾಡೆಯಲ್ಲಿ ಬಚ್ಚಿಟ್ಟ ಪಂಪು

1983ರಲ್ಲಿ ಮದ್ದೂರಿನ ಸೊಸೆಯಾದೆ. ಮನೆಯ ಹಿಂದೆ ಕಬ್ಬಿನ ಗದ್ದೆ, ಗದ್ದೆಯಾಚೆ ಆಲೆಮನೆ. ಬೆಲ್ಲ ಬೇಯುವ ವಾಸನೆ ಎಷ್ಟು ಚೆಂದ ಅನ್ನುತ್ತೀರಿ! ಆದರೆ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಉರಿಯುವ ಹೊಗೆ ಸಂಜೆಯಾದರೆ ನಮ್ಮ ಹಿತ್ತಿಲಿಗೇ ಇಳಿಯುತ್ತಿತ್ತು. ಕಟಾವು ಮುಗಿದ ಮೇಲೆ ಗದ್ದೆಯಲ್ಲಿ ತರಗಿಗೆ ಬೆಂಕಿ ಇಟ್ಟರಂತೂ ಒಣಗಹಾಕಿದ ಬಟ್ಟೆಯ ಮೇಲೆಲ್ಲ ಕಪ್ಪು ಬೂದಿ.

1988ರಲ್ಲಿ ಮಗ ಹುಟ್ಟಿದ. ಐದು ತುಂಬುವ ಹೊತ್ತಿಗೆ ಅವನಿಗೂ ಅದೇ ಕೆಮ್ಮು, ಅದೇ ಸಿಳ್ಳೆ. ನನ್ನ ಎದೆ ಧಸಕ್ಕೆಂದಿತು. ಮಂಡ್ಯದ ಮಕ್ಕಳ ಡಾಕ್ಟರೊಬ್ಬರು ನೋಡಿ, "ಅಮ್ಮಾ, ಇದು ಆಸ್ತಮಾ. ನಿಮ್ಮ ಮನೆಯಲ್ಲಿ ಇನ್ನು ಯಾರಿಗಾದರೂ ಇದೆಯೇ?" ಎಂದು ಕೇಳಿದರು. "ಇಲ್ಲ ಡಾಕ್ಟ್ರೇ" ಎಂದೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ತವರಿನ ಗೂರಲನ್ನು ಅವರೆದುರಿಗೆ ಹೇಗೆ ಹೇಳಲಿ?

ಅವರು ಎರಡು ಪಂಪು ಬರೆದುಕೊಟ್ಟರು. ಒಂದು ದಿನವೂ ತಪ್ಪದೆ ತೆಗೆದುಕೊಳ್ಳುವುದು, ಇನ್ನೊಂದು ಉಬ್ಬಸ ಬಂದಾಗ. ಮೂರು ತಿಂಗಳಲ್ಲಿ ಮಗು ಹೂವಿನ ಹಾಗಾಯಿತು. ಆಮೇಲೆ ನಾನು ಮಾಡಿದ್ದೇನು ಗೊತ್ತೆ? "ಚೆನ್ನಾಗವನಲ್ಲ, ಯಾಕೆ ಸುಮ್ಮನೆ ಅಭ್ಯಾಸ ಮಾಡಿಸೋದು" ಎಂದು ದಿನದ ಪಂಪನ್ನು ನಿಲ್ಲಿಸಿಬಿಟ್ಟೆ. 1996ರ ಕೊನೆಯಲ್ಲಿ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವುದೆಂದಾಯಿತು. ಈ ಮನೆಯಲ್ಲಿ ಗೂರಲು ಐತೆ ಅಂತ ಗೊತ್ತಾದರೆ ಸಂಬಂಧ ಕೂಡುತ್ತದೆಯೇ? ಇನ್ನೊಂದು ಪಂಪನ್ನು ಒಯ್ದು ಅಕ್ಕಿ ವಾಡೆಯಲ್ಲಿ ಬಚ್ಚಿಟ್ಟೆ.

ಗಂಡಿನವರು ಬಂದರು, ತಿಂಡಿ ತಿಂದರು, ಒಪ್ಪಿ ಹೋದರು. ಆ ಸಂತೋಷದಲ್ಲಿ ಪಂಪಿನ ನೆನಪೇ ಆಗಲಿಲ್ಲ. ವಾರದ ನಂತರ ಗದ್ದೆಯಲ್ಲಿ ತರಗು ಉರಿದ ರಾತ್ರಿ ಮಗ ಎದ್ದು ಕೂತ. ಥೇಟ್ ನನ್ನ ತಮ್ಮ ಕೂರುತ್ತಿದ್ದ ಹಾಗೆ, ಕೈ ಮಂಡಿಯ ಮೇಲೆ. "ಅಮ್ಮ" ಎಂಬ ಎರಡಕ್ಷರವನ್ನೂ ಒಂದೇ ಉಸಿರಿಗೆ ಹೇಳಲು ಅವನಿಂದ ಆಗಲಿಲ್ಲ. ವಾಡೆಯ ಹತ್ತಿರ ಓಡಿದೆ. ಕರೆಂಟಿಲ್ಲ. ಅಷ್ಟರಲ್ಲಿ ಅತ್ತೆ ಮಿಲ್ಲಿನಿಂದ ಬಂದ ಹೊಸ ಅಕ್ಕಿಯನ್ನೆಲ್ಲ ಅದರ ಮೇಲೇ ಸುರಿಸಿದ್ದರು! ಮೊಳಕೈವರೆಗೆ ಕೈ ಇಳಿಸಿ ಕತ್ತಲಲ್ಲಿ ಅಕ್ಕಿ ಕೆದಕಿದೆ. ಪಂಪೇನೋ ಸಿಕ್ಕಿತು, ಆದರೆ ಆ ಹೊತ್ತಿಗೆ ಅದನ್ನು ಎಳೆದುಕೊಳ್ಳುವ ಶಕ್ತಿ ಮಗುವಿಗಿರಲಿಲ್ಲ. ಬೀದಿಯವರ ಜೀಪಿನಲ್ಲಿ ಮಂಡ್ಯಕ್ಕೆ ಇಪ್ಪತ್ತು ಕಿಲೋಮೀಟರ್. ಅವನ ತುಟಿ ನೀಲಿಯಾಗುವುದನ್ನು ನೋಡುತ್ತಾ ಕೂತಿದ್ದೆ.

ಆಕ್ಸಿಜನ್ ಕೊಟ್ಟು ಉಳಿಸಿಕೊಂಡರು. "ಪಂಪು ತಪ್ಪಿಸಿದ್ದಿರಾ?" ಎಂದು ಡಾಕ್ಟರು ಕೇಳಿದರೆ, ಆಗಲೂ "ಇಲ್ಲ" ಎಂದೆ. ಯಾರನ್ನೂ ದೂರುವ ಹಾಗಿಲ್ಲ. ಪಂಪನ್ನು ಬಚ್ಚಿಟ್ಟ ಕೈ ನನ್ನದೇ.

ಲೆಕ್ಕ ಏನು ಹೇಳುತ್ತದೆ?

ಆ ರಾತ್ರಿಯಿಂದ ಈ ಕಾಯಿಲೆಯ ಬಗ್ಗೆ ಎಲ್ಲಿ ಏನು ಸಿಕ್ಕಿದರೂ ಓದಿದ್ದೇನೆ. ಬೆಂಗಳೂರಿನ ಮಕ್ಕಳ ತಜ್ಞರಾದ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿ ಆಸ್ತಮಾ ಕಂಡಿತ್ತು. 1989ಕ್ಕೆ ಅದು 18.5 ಆಯಿತು, 1994ಕ್ಕೆ 24.5, 1999ಕ್ಕೆ 29.5. ಇಪ್ಪತ್ತೇ ವರ್ಷದಲ್ಲಿ ಮೂರು ಪಟ್ಟು! ಶಾಲೆಗಳಿಗೂ ಹೋಗಿ ನೋಡಿದರು. ವಾಹನ ಕಡಿಮೆ ಓಡಾಡುವ ಕಡೆ ನೂರಕ್ಕೆ ಸುಮಾರು 11, ವಾಹನ ದಟ್ಟಣೆಯ ಕಡೆ 19, ದಟ್ಟಣೆಯ ಜೊತೆಗೆ ಬಡತನವೂ ಇರುವ ಕಡೆ 31. ಹಳ್ಳಿಯ ಮಕ್ಕಳಲ್ಲಿ ಆರಕ್ಕಿಂತ ಕಡಿಮೆ.

ಇನ್ನೊಂದು ಲೆಕ್ಕ ಈಚಿನದು. 2017-18ರಲ್ಲಿ ಗ್ಲೋಬಲ್ ಆಸ್ತಮಾ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಸಮೀಕ್ಷೆ ನಮ್ಮ ಪಕ್ಕದ ಮೈಸೂರೂ ಸೇರಿ ದೇಶದ ಹಲವು ನಗರಗಳಲ್ಲಿ ನಡೆಯಿತು. ಶಾಲಾ ಮಕ್ಕಳು, ಅವರ ತಂದೆತಾಯಿ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. 6-7 ವರ್ಷದ ಮಕ್ಕಳಲ್ಲಿ ಎದೆ ಸಿಳ್ಳೆ ಇದ್ದದ್ದು ನೂರಕ್ಕೆ ಮೂವರಿಗೆ.

ಹಾಗಾದರೆ ಕಾಯಿಲೆ ಇಳಿಯಿತೇ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮೊದಲನೆಯದು ಕಾಯಿಲೆಯಾಗಿ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ, ಎರಡನೆಯದು ಪ್ರಶ್ನೆಪತ್ರಕ್ಕೆ ಮನೆಯವರು ಕೊಟ್ಟ ಉತ್ತರದ ಲೆಕ್ಕ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಮೀಕ್ಷೆಯ ಇನ್ನೊಂದು ಅಂಕಿ. ಸಿಳ್ಳೆ ಇದ್ದವರಲ್ಲಿ ನೂರಕ್ಕೆ 82 ಮಂದಿಗೆ ಅದು ಆಸ್ತಮಾ ಎಂದು ಯಾರೂ ಹೇಳಿಯೇ ಇರಲಿಲ್ಲ! ದಿನವೂ ತೆಗೆದುಕೊಳ್ಳಬೇಕಾದ ಪಂಪು ತೆಗೆದುಕೊಳ್ಳುತ್ತಿದ್ದವರು ನೂರಕ್ಕೆ ಮೂವರೂ ಇರಲಿಲ್ಲ. ಅಂದರೆ ಎಷ್ಟು ಮನೆಗಳಲ್ಲಿ "ಬರೀ ನೆಗಡಿ" ನಡೆಯುತ್ತಿದೆ, ನೀವೇ ಯೋಚಿಸಿ.

ಯಾರಿಗೆ, ಯಾಕೆ?

ನಮ್ಮ ಬಚ್ಚಲ ಕೊಳವೆಯ ಒಳಗೆ ಜಿಡ್ಡು ಕಟ್ಟಿದರೆ ನೀರು ಹೇಗೆ ಹೋಗುತ್ತದೆ? ಶ್ವಾಸನಾಳವೂ ಹಾಗೆಯೇ. ಆಸ್ತಮಾ ಇರುವ ಮಗುವಿನ ಶ್ವಾಸನಾಳದ ಒಳಗೋಡೆ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಹೊಗೆ, ಧೂಳು, ನೆಗಡಿಯ ವೈರಸ್ಸು, ಇವುಗಳಲ್ಲಿ ಒಂದು ತಾಕಿದರೂ ಅದು ಇನ್ನಷ್ಟು ಊದುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಲೋಳೆ ತುಂಬುತ್ತದೆ. ಆ ಇಕ್ಕಟ್ಟಿನಲ್ಲಿ ಗಾಳಿ ನುಸುಳುವ ಸದ್ದೇ ಸಿಳ್ಳೆ.

ರಕ್ತಸಂಬಂಧದ ಪಾಲು ಇದರಲ್ಲಿ ದೊಡ್ಡದು. ತಂದೆಗೋ ತಾಯಿಗೋ ಇದ್ದರೆ ಮಗುವಿಗೆ ಬರುವ ಸಂಭವ ಹೆಚ್ಚು, ಇಬ್ಬರಿಗೂ ಇದ್ದರೆ ಇನ್ನೂ ಹೆಚ್ಚು. ಹಾಗೆಂದು ಬಂದೇ ಬರುತ್ತದೆ ಎಂದಲ್ಲ. ಅಂಟುರೋಗವಂತೂ ಅಲ್ಲವೇ ಅಲ್ಲ. ಬಸುರಿಯಲ್ಲಿ ಬೀಡಿ ಸಿಗರೇಟಿನ ಹೊಗೆ ಕುಡಿಯಬೇಕಾದವಳ ಮಗು, ದಿನ ತುಂಬುವ ಮೊದಲೇ ಹುಟ್ಟಿದ ಮಗು, ಗೋಡೆ ಥಂಡಿ ಹಿಡಿದು ಬೂಷ್ಟು ಕಟ್ಟಿದ ಮನೆಯಲ್ಲಿ ಬೆಳೆದ ಮಗು, ಇವರಿಗೆ ಅಪಾಯ ಜಾಸ್ತಿ. ರೇಷ್ಮೆಯ ಧೂಳು ಕೆಲವರಿಗೆ ಉಬ್ಬಸ ತರುತ್ತದೆಂದು ನೂಲು ತೆಗೆಯುವ ಕೆಲಸಗಾರರ ಮೇಲಿನ ಸಂಶೋಧನೆ ನಮ್ಮ ದೇಶದಲ್ಲೇ 1985ರಲ್ಲಿ ಪ್ರಕಟವಾಗಿದೆ. ನನ್ನ ತಮ್ಮ ಮಲಗುತ್ತಿದ್ದ ಜಾಗ ನೆನೆಸಿಕೊಂಡರೆ ಈಗಲೂ ಕರುಳು ಚುರುಕ್ ಅನ್ನುತ್ತದೆ.

ದನದ ಕೊಟ್ಟಿಗೆಯ ವಿಷಯವೂ ಸೋಜಿಗದ್ದು. ಅಮೆರಿಕದಲ್ಲಿ ಎರಡು ಬೇಸಾಯಗಾರ ಪಂಗಡಗಳನ್ನು ಹೋಲಿಸಿ 2016ರಲ್ಲಿ ಒಂದು ಅಧ್ಯಯನ ಬಂತು. ಮನೆಯ ಪಕ್ಕದಲ್ಲೇ ಕೊಟ್ಟಿಗೆ ಇಟ್ಟುಕೊಂಡು ಹಳೆಯ ಕ್ರಮದಲ್ಲಿ ಬದುಕುವ ಆಮಿಶ್ ಜನರ ಮಕ್ಕಳಲ್ಲಿ ಆಸ್ತಮಾ ನೂರಕ್ಕೆ 5. ಯಂತ್ರದ ಬೇಸಾಯ ಮಾಡುವ ಹಟರೈಟ್ ಜನರ ಮಕ್ಕಳಲ್ಲಿ 21. ಎಳವೆಯಲ್ಲಿ ಕೊಟ್ಟಿಗೆಯ ಧೂಳು ಸೋಕಿದರೆ ದೇಹ ಹದವಾಗಿ ಪಳಗುತ್ತದಂತೆ. ಹಾಗೆಂದು ಉಬ್ಬಸ ಇರುವ ಮಗುವನ್ನು ಕೊಟ್ಟಿಗೆಗೆ ಕಳಿಸಬೇಡಿ! ನಮ್ಮ ಮನೆಯಲ್ಲಿ ಕೊಟ್ಟಿಗೆಯೂ ಇತ್ತು, ಒಲೆಯ ಹೊಗೆಯೂ ಇತ್ತು, ಹುಳುವೂ ಇತ್ತು. ಇಂಥದ್ದೇ ಕಾರಣ ಎಂದು ಒಂದಕ್ಕೆ ಬೊಟ್ಟು ಮಾಡಲಾಗದು.

ಮೊಮ್ಮಗಳ ಕಾಲಕ್ಕೆ ನಾವು ಮಂಡ್ಯದಲ್ಲಿದ್ದೇವೆ. ಸೌದೆ ಒಲೆ ಹೋಗಿ ಗ್ಯಾಸ್ ಬಂದಿದೆ, ಹುಳುಮನೆಯಿಲ್ಲ, ಆಲೆಮನೆ ದೂರ. ಆದರೆ ಬೆಂಗಳೂರು-ಮೈಸೂರು ಹೆದ್ದಾರಿಯ ಕೆಲಸ ನಡೆದ ವರ್ಷಗಳಲ್ಲಿ, 2023ರ ಮಾರ್ಚಿನಲ್ಲಿ ಅದರ ಉದ್ಘಾಟನೆಯಾಗುವ ತನಕ, ಕಿಟಕಿ ಒರೆಸಿ ಒರೆಸಿ ಸಾಕಾಗಿತ್ತು. ನಾಲೆ ಬಯಲಿನ ಊರಾದ್ದರಿಂದ ಸೊಳ್ಳೆಗೇನೂ ಬರವಿಲ್ಲ, ರಾತ್ರಿಯಿಡೀ ಮಂಚದ ಕೆಳಗೆ ಸೊಳ್ಳೆ ಬತ್ತಿ ಉರಿಸುತ್ತಿದ್ದೆ. ಒಂದು ಸೊಳ್ಳೆ ಬತ್ತಿ ಉರಿದು ಮುಗಿಯುವಷ್ಟರಲ್ಲಿ ಹೊರಬೀಳುವ ನವಿರು ಹೊಗೆಕಣ 75ರಿಂದ 137 ಸಿಗರೇಟಿನ ಹೊಗೆಗೆ ಸಮ ಎಂದು 2003ರಲ್ಲೇ ಅಳೆದು ಹೇಳಿದ್ದಾರೆ! ಮನೆಯಲ್ಲಿ ಯಾರೂ ಬೀಡಿ ಸೇದುವುದಿಲ್ಲ ಎಂದು ಜಂಬ ಪಡುತ್ತಿದ್ದ ನಾನೇ ಕೂಸಿನ ತಲೆದೆಸೆಯಲ್ಲಿ ಇಷ್ಟನ್ನು ಉರಿಸುತ್ತಿದ್ದೆ ನೋಡಿ.

ಪಂಪಿನ ಭಯ

"ಪಂಪು ಹಿಡಿದರೆ ಬಿಡೋ ಹಾಗಿಲ್ಲ", "ಅದು ಕೊನೇ ಔಷಧಿ", "ಹೆಣ್ಣುಮಗು ಬೇರೆ". ನಾನೂ ನಂಬಿದ್ದ ಮಾತುಗಳು. ಲೆಕ್ಕ ಕೇಳಿ. ಉಬ್ಬಸದ ಸಾಲ್ಬ್ಯುಟಮಾಲ್ ಮಾತ್ರೆಯೊಂದರಲ್ಲಿ 2ರಿಂದ 4 ಮಿಲಿಗ್ರಾಂ ಔಷಧಿ ಇರುತ್ತದೆ. ಪಂಪನ್ನು ಒಮ್ಮೆ ಒತ್ತಿದರೆ ಬರುವುದು 0.1 ಮಿಲಿಗ್ರಾಂ ಮಾತ್ರ. ನೇರವಾಗಿ ಶ್ವಾಸನಾಳಕ್ಕೇ ಹೋಗುವುದರಿಂದ ಅಷ್ಟೇ ಸಾಕು. ಮಾತ್ರೆಗೆ ಹೆದರದವರು ಪಂಪಿಗೆ ಹೆದರುವುದೇ?

ದಿನವೂ ತೆಗೆದುಕೊಳ್ಳುವ ಪಂಪಿನಲ್ಲಿ ಸ್ಟೀರಾಯ್ಡ್ ಇರುತ್ತದೆ, ನಿಜ. ಮಗುವಿನ ಎತ್ತರ ಸುಮಾರು ಒಂದು ಸೆಂಟಿಮೀಟರಿನಷ್ಟು ಕಡಿಮೆಯಾಗಬಹುದು ಎನ್ನುತ್ತಾರೆ. ಉಬ್ಬಸದಲ್ಲಿ ನಿದ್ದೆಯಿಲ್ಲದೆ, ಊಟವಿಲ್ಲದೆ, ಶಾಲೆಯಿಲ್ಲದೆ ಸೊರಗುವುದಕ್ಕಿಂತ ಅದು ಹೆಚ್ಚಲ್ಲ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ. ಚೆನ್ನಾಗಿದ್ದಾರೆಂದು ನೀವೇ ನಿಲ್ಲಿಸಬೇಡಿ. ಕಡಿಮೆ ಮಾಡುವುದಾದರೆ ಡಾಕ್ಟರೇ ಹಂತಹಂತವಾಗಿ ಮಾಡುತ್ತಾರೆ.

ಈ ಪಂಪು ಹುಟ್ಟಿದ್ದೂ ಒಂದು ಹೆಣ್ಣುಮಗುವಿನ ಮಾತಿನಿಂದ. 1955ರಲ್ಲಿ ಅಮೆರಿಕದ ಔಷಧಿ ಕಂಪನಿಯೊಂದರ ಮುಖ್ಯಸ್ಥರ 13 ವರ್ಷದ ಮಗಳಿಗೆ ಆಸ್ತಮಾ. ಬುರುಡೆ ಒತ್ತಿ ಒತ್ತಿ ಔಷಧಿ ಎಳೆದುಕೊಳ್ಳಬೇಕಿತ್ತು. ಕೂದಲಿಗೆ ಹೊಡೆದುಕೊಳ್ಳುವ ಸ್ಪ್ರೇ ಡಬ್ಬಿಯಲ್ಲಿ ಬರುತ್ತದಲ್ಲ, ನನ್ನ ಔಷಧಿಯೂ ಯಾಕೆ ಹಾಗೆ ಬರಬಾರದು ಎಂದು ಅಪ್ಪನನ್ನು ಕೇಳಿದಳಂತೆ. ಮರುವರ್ಷ, 1956ರಲ್ಲಿ, ಪಂಪು ಅಂಗಡಿಗೆ ಬಂತು. ಆ ಹುಡುಗಿ ಕಾಯಿಲೆಯನ್ನು ಬಚ್ಚಿಟ್ಟುಕೊಂಡು ಕೂತಿದ್ದರೆ?

ನಾವು ಮನೆಯಲ್ಲಿ ಮಾಡಬಹುದಾದದ್ದು

ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿ. ಮಗು ಮಲಗುವ ಕೋಣೆಯಲ್ಲಿ ಊದುಬತ್ತಿ, ಸಾಂಬ್ರಾಣಿ ಬೇಡ, ದೇವರು ಕೋಪಿಸಿಕೊಳ್ಳುವುದಿಲ್ಲ. ಪೊರಕೆಯಲ್ಲಿ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಹೊದಿಕೆ, ದಿಂಬಿನ ಚೀಲವನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಜಿರಳೆ ಸೇರಗೊಡಬೇಡಿ. ಮೆಣಸಿನಕಾಯಿ ಹುರಿಯುವಾಗ ಮಗುವನ್ನು ಹೊರಗೆ ಕಳಿಸಿ, ಕಿಟಕಿ ತೆಗೆಯಿರಿ. ಮೊಸರು ಬೇಡ, ಬಾಳೆಹಣ್ಣು ಬೇಡ, ಕಿತ್ತಲೆ ಬೇಡ ಎಂದು ಬಾಯಿ ಕಟ್ಟುವುದನ್ನು ಬಿಡಿ. ಯಾವುದಾದರೂ ತಿಂದಾಗಲೆಲ್ಲ ಉಬ್ಬಸ ಬರುವುದನ್ನು ಕಣ್ಣಾರೆ ಕಂಡಿದ್ದರೆ ಡಾಕ್ಟರಿಗೆ ಹೇಳಿ, ಅದೊಂದನ್ನು ಬಿಡಿಸಿದರೆ ಸಾಕು. ಮೃಗಶಿರೆಯ ದಿನ ಮೀನಿನ ಔಷಧಿಗೆಂದು ಹೈದರಾಬಾದಿಗೆ ಹೋಗುವವರು ನಮ್ಮ ಕಡೆಯೂ ಇದ್ದಾರೆ. ಹೋಗುವವರಿಗೆ ನನ್ನದೊಂದೇ ಮಾತು: ಅದನ್ನು ನಂಬಿ ಪಂಪು ನಿಲ್ಲಿಸಬೇಡಿ.

ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿದ್ದರೆ, ಒಂದು ಮಾತನ್ನು ಪೂರ್ತಿ ಹೇಳಲು ಮಗುವಿಗೆ ಆಗದಿದ್ದರೆ, ತುಟಿ ನೀಲಿಯಾದರೆ, ಪಂಪು ಎಳೆದುಕೊಂಡರೂ ಕಡಿಮೆಯಾಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಉಬ್ಬಸದ ಪಂಪನ್ನು ಕೊಡುತ್ತಲೇ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಪಂಪು ಎಲ್ಲಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ, ಶಾಲೆಯ ಮೇಡಂಗೂ ಗೊತ್ತಿರಲಿ.

ನನ್ನ ಮಗ ಈಗ ಮೂವತ್ತು ದಾಟಿದ್ದಾನೆ, ದೊಡ್ಡವನಾಗುತ್ತಾ ಉಬ್ಬಸ ಬಹಳ ಮಟ್ಟಿಗೆ ಹಿಂದೆ ಸರಿಯಿತು. ಕಳೆದ ವರ್ಷ ತಮ್ಮ ಮಳವಳ್ಳಿಯಿಂದ ಬಂದಿದ್ದ. ಮೊಮ್ಮಗಳು ಪಂಪು ಎಳೆದುಕೊಂಡು ಐದು ನಿಮಿಷಕ್ಕೆ ಮತ್ತೆ ಆಟಕ್ಕೆ ಓಡಿದ್ದನ್ನು ನೋಡಿ ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಅಕ್ಕಾ, ನಂಗಾಗ್ತಿದ್ದದ್ದೂ ಇದೇನಾ?" ಎಂದ. ಸುಮಾರು ಅರವತ್ತರ ಗಂಡಸು! "ಹೂಂ ಕಣಪ್ಪಾ" ಎಂದೆ. ನನಗೆ 1996ರಿಂದಲೂ ಗೊತ್ತಿತ್ತು, ಅವನಿಗೆ ಹೇಳಿರಲಿಲ್ಲ. ಮರುವಾರ ನಾನೇ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಈಗ ಅವನ ಜೇಬಲ್ಲೂ ಒಂದು ಪಂಪಿದೆ.

ಇನ್ನು ಆ ನಾಮಕರಣದ ಮನೆಗೆ ಬರೋಣ. "ಬರೀ ನೆಗಡಿ" ಎಂಬ ಮಾತು ನನ್ನ ಬಾಯಿಂದ ಬೀಳುವ ಮೊದಲೇ ಮೊಮ್ಮಗಳು, "ನಂಗೆ ಆಸ್ತಮಾ ಇದೆ ಅಜ್ಜೀ. ಇದು ನನ್ನ ಪಂಪು" ಎಂದುಬಿಟ್ಟಳು. ನಾನು ಒಂದು ಕ್ಷಣ ತಡೆದು, "ಹೌದ್ರೀ, ಅವಳಪ್ಪನಿಗೂ ಇತ್ತು, ನನ್ನ ತಮ್ಮನಿಗೂ ಇದೆ" ಎಂದೆ. ಇಷ್ಟೇ ಹೇಳುವುದಕ್ಕೆ ನನಗೆ ಐವತ್ತು ವರ್ಷ ಬೇಕಾಯಿತು.

ಆಕೆ ಅತ್ತಿತ್ತ ನೋಡಿದರು. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ, "ನಮ್ ಮೊಮ್ಮಗಂಗೂ ರಾತ್ರಿ ಹೊತ್ತು ಕೆಮ್ಮು ಬತ್ತದೆ ಕಣ್ರವ್ವಾ... ಯಾವ ಡಾಕ್ಟ್ರಿಗೆ ತೋರಿಸ್ತೀರಿ?" ಎಂದರು.